ಕೆಂಪುಕಲ್ಲಿನ ಏರಿಗೆ ಯಾವ ಟಯರ್? ಮಳೆಗಾಲದಲ್ಲಿ ಮಾಡಿದ ಪರೀಕ್ಷೆ

ನಮ್ಮ ತೋಟ ಪೆರ್ಲದ ಹತ್ತಿರ, ಗುಡ್ಡೆಯ ಬುಡದಲ್ಲಿ. ಮನೆಯಿಂದ ಚೆರ್ಕಳ–ಕಲ್ಲಡ್ಕ ರಸ್ತೆಗೆ ಬರಬೇಕಾದರೆ ಒಂದು ಏರು ಹತ್ತಲೇಬೇಕು. ಏರಿನ ಕೆಳಗಿನ ಅರ್ಧ ಮಣ್ಣು, ಮೇಲಿನ ಅರ್ಧ ಬರೀ ಕೆಂಪುಕಲ್ಲು. ಬೇಸಗೆಯಲ್ಲಿ ಅದನ್ನು ಆಟೋರಿಕ್ಷಾ ಕೂಡ ಹತ್ತುತ್ತದೆ. ಜೂನ್ ಅರ್ಧ ಕಳೆಯಿತೋ, ಕಲ್ಲಿನ ಮೇಲೆ ಪಾಚಿ ಕಟ್ಟುತ್ತದೆ, ಮಣ್ಣಿನಲ್ಲಿ ನೀರು ಹರಿದು ಹೊಂಡ ಬೀಳುತ್ತದೆ. ಆಮೇಲೆ ಫೋರ್ ವೀಲ್ ಗಾಡಿಯೂ ಸೋಲುತ್ತದೆ. ಅಡಿಕೆಗೆ ಕೊಳೆರೋಗ ಬಾರದ ಹಾಗೆ ಬೋರ್ಡೋ ದ್ರಾವಣ ಬಿಡುವುದೂ ಅದೇ ಹೊತ್ತಿಗೆ. ಮೈಲುತುತ್ತು, ಸುಣ್ಣ, ಪೈಪು, ಡ್ರಮ್ಮು ಎಲ್ಲವೂ ಅದೇ ಏರಿನಲ್ಲಿ ಮೇಲೆ ಕೆಳಗೆ ಆಗಬೇಕು. ಕೊಳೆರೋಗ ರಸ್ತೆ ಒಣಗುವ ತನಕ ಕಾಯುವುದಿಲ್ಲ, ಅಲ್ವಾ?

ಗಾಡಿ ಇಸುಝು ಡಿ-ಮ್ಯಾಕ್ಸ್ ವಿ-ಕ್ರಾಸ್. ಹಳೆಯ 2.5 ಲೀಟರ್ ಡೀಸೆಲ್, ಐದು ಗೇರು, ಹಿಂದೆ ಪಟ್ಟಿ ಸ್ಪ್ರಿಂಗು. ಎಂಜಿನ್ನಿನ ಟಾರ್ಕ್ 320 ನ್ಯೂಟನ್ ಮೀಟರ್. ಶಕ್ತಿಗೆ ಏನೂ ಕೊರತೆ ಇಲ್ಲ, ಕೊರತೆ ಇರುವುದು ಟಯರ್ ನೆಲ ಹಿಡಿಯುವ ಜಾಗದಲ್ಲಿ. ಹಾಗಾಗಿ ಈ ಸಲ ದೊಡ್ಡ ಮಡ್ ಟಯರ್, ಅಂದರೆ ಕೆಸರಿಗೆಂದೇ ಮಾಡಿದ ಟಯರ್, ತಂದೆ. ಸುಮ್ನೆ ಹಾಕಿ ಓಡಿಸುವ ಬದಲು ಅಳೆದು, ತೂಗಿ, ಅದೇ ಏರಿನಲ್ಲಿ ಹತ್ತಿಸಿ ನೋಡಿದ್ದೇನೆ. ದೊಡ್ಡ ಟಯರಿನ ಬಗ್ಗೆ ಜನ ಮಾತಾಡುವುದರಲ್ಲಿ ಅರ್ಧ ಚಂದದ ಮಾತು. ನನಗೆ ಬೇಕಾದದ್ದು ಡ್ರಮ್ ಮೇಲೆ ಹೋಗುತ್ತದಾ ಇಲ್ಲವಾ ಎಂಬುದು ಮಾತ್ರ.

ಮೊದಲು ಸೈಜಿನ ಲೆಕ್ಕ. ಗಾಡಿಯ ಜೊತೆ ಬಂದದ್ದು 245/70 ಆರ್ 16. ಅಂದರೆ ಅಗಲ 245 ಮಿಲಿಮೀಟರ್. ಬದಿಯ ಗೋಡೆಯ ಎತ್ತರ ಅದರ ಶೇಕಡಾ 70, ಅಂದರೆ 171.5. ರಿಮ್ 16 ಇಂಚು, ಅಂದರೆ ಸುಮಾರು 406. ಮೇಲಿನ ಗೋಡೆ, ಕೆಳಗಿನ ಗೋಡೆ, ರಿಮ್ ಎಲ್ಲ ಕೂಡಿಸಿದರೆ ಟಯರಿನ ಎತ್ತರ ಸುಮಾರು 749 ಮಿಲಿಮೀಟರ್. ನಾನು ತಂದದ್ದು 265/75 ಆರ್ 16. ಅದೇ ಲೆಕ್ಕದಲ್ಲಿ ಅದು 804. ವ್ಯತ್ಯಾಸ 55, ಆದರೆ ಆಕ್ಸಲ್ ಮೇಲೇಳುವುದು ಅದರ ಅರ್ಧ ಮಾತ್ರ, 27 ಮಿಲಿಮೀಟರ್. ಒಂದು ಇಂಚು ಚಿಲ್ಲರೆ. ಇದನ್ನು ಮೊದಲೇ ತಿಳಿದುಕೊಂಡರೆ ಒಳ್ಳೆಯದು. ಟಯರ್ ನೋಡಲಿಕ್ಕೆ ಎಷ್ಟು ಭರ್ಜರಿ ಇದ್ದರೂ ಹೊಂಡದಲ್ಲಿ ಸಿಗುವ ಲಾಭ ಆ ಒಂದು ಇಂಚು.

ಟಯರಿನ ಬದಿಯಲ್ಲಿ 'ಎಲ್‌ಟಿ' ಎಂದು ಇದೆ, ಲೈಟ್ ಟ್ರಕ್ ಎಂಬುದರ ಚಿಕ್ಕ ರೂಪ. ಜೊತೆಗೆ 10 ಪ್ಲೈ ರೇಟಿಂಗ್. ಒಳಗೆ ಹತ್ತು ಪದರ ಇದೆ ಎಂದು ಅರ್ಥ ಅಲ್ಲ. ಹಿಂದಿನ ಕಾಲದ ಹತ್ತು ಪದರದ ಹತ್ತಿಯ ಟಯರ್ ಹೊರುತ್ತಿದ್ದಷ್ಟು ಭಾರ ಹೊರುತ್ತದೆ ಎಂದು ಅಷ್ಟೇ. ತಯಾರಾದ ವಾರ, ವರ್ಷ ನಾಲ್ಕು ಅಂಕಿಯಲ್ಲಿ ಇರುತ್ತದೆ. 2324 ಎಂದು ಇದ್ದರೆ 2024ರ 23ನೇ ವಾರ. ಅಂಗಡಿಯಲ್ಲಿ ಹಣ ಕೊಡುವ ಮೊದಲು ಐದೂ ಟಯರಿನಲ್ಲಿ ಅದನ್ನು ಓದಿ. ಅಂಗಡಿಯ ಹುಡುಗ "ಅಣ್ಣ, ಎಲ್ಲ ಹೊಸದೇ" ಎಂದ. ಹೌದು, ಹೊಸದೇ ಇತ್ತು. ಆದರೂ ಬಗ್ಗಿ ನೋಡಿದೆ.

ನಾಲ್ಕು ಸಾಕಾಗದು, ಐದು ಬೇಕು. ಇದು ಪಾರ್ಟ್ ಟೈಮ್ ಫೋರ್ ವೀಲ್ ಡ್ರೈವ್. ಮುಂದಿನ ಮತ್ತು ಹಿಂದಿನ ಆಕ್ಸಲ್ ನಡುವೆ ವೇಗದ ವ್ಯತ್ಯಾಸ ಸರಿದೂಗಿಸುವ ಡಿಫರೆನ್ಷಿಯಲ್ ಇಲ್ಲ, ಫೋರ್ ವೀಲ್‌ಗೆ ಹಾಕಿದ ಕೂಡಲೇ ಎರಡೂ ಒಂದೇ ವೇಗದಲ್ಲಿ ತಿರುಗಲೇಬೇಕು. ಮುಂದೆ ಒಂದು ಸೈಜು, ಹಿಂದೆ ಒಂದು ಸೈಜು ಇದ್ದರೆ ಆ ವ್ಯತ್ಯಾಸ ಪೂರ್ತಿ ಎರಡೂ ಆಕ್ಸಲಿಗೆ ಶಕ್ತಿ ಹಂಚುವ ಗೇರುಪೆಟ್ಟಿಗೆಯಾದ ಟ್ರಾನ್ಸ್‌ಫರ್ ಕೇಸಿನ ಮೇಲೆ ಬೀಳುತ್ತದೆ. ಕೆಸರಿನಲ್ಲಿ ಟಯರ್ ಜಾರಿ ಸರಿಮಾಡಿಕೊಳ್ಳುತ್ತದೆ, ಕಲ್ಲಿನ ಮೇಲೆ ಜಾರುವುದಿಲ್ಲ, ಗೇರು ಮುರಿಯುತ್ತದೆ. ಹಾಗಾಗಿ ಸ್ಟೆಪ್ನಿಯೂ ಅದೇ ಸೈಜು ಇರಬೇಕು.

ಅಡಿಕೆ ತೂಗುವ ತಕ್ಕಡಿಯಲ್ಲಿ ಇಟ್ಟು ನೋಡಿದೆ. ಹಳೆಯ ಚಕ್ರ ರಿಮ್ ಸೇರಿ 27 ಕಿಲೋ, ಹೊಸದು 36. ಒಂದೊಂದಕ್ಕೆ 9 ಕಿಲೋ ಜಾಸ್ತಿ. ಈ ಭಾರ ಡ್ರಮ್ಮಿನ ಹಾಗೆ ಹಿಂದೆ ಸುಮ್ನೆ ಕೂತುಕೊಳ್ಳುವ ಭಾರ ಅಲ್ಲ. ತಿರುಗುವ ಭಾರ. ಹೊರಡುವಾಗ ಎಂಜಿನ್ನು ಅದನ್ನು ತಿರುಗಿಸಬೇಕು, ನಿಲ್ಲುವಾಗ ಬ್ರೇಕು ಅದನ್ನು ಹಿಡಿಯಬೇಕು. ಸಾಲದ್ದಕ್ಕೆ ಟಯರಿನ ಎತ್ತರ ಶೇಕಡಾ 7 ಏರಿದ್ದರಿಂದ ನೆಲದ ಹತ್ತಿರ ಸಿಗುವ ಎಳೆತವೂ, ಬ್ರೇಕಿನ ಹಿಡಿತವೂ ಅಷ್ಟೇ ಇಳಿಯುತ್ತದೆ.

ಕೂಡಿಸುವ ಕೆಲಸದಲ್ಲಿ ಹೆಚ್ಚು ಹೊತ್ತು ಹಿಡಿದದ್ದು ಎಲ್ಲಿ ತಾಗುತ್ತದೆ ಎಂದು ಹುಡುಕುವುದು. ನೇರ ನಿಂತಾಗ ಎಲ್ಲವೂ ಸರಿ ಕಾಣುತ್ತದೆ. ಸ್ಟಿಯರಿಂಗ್ ಪೂರ್ತಿ ತಿರುಗಿಸಿ, ಒಂದು ಚಕ್ರ ಮೇಲೆ ಹೋದಾಗ ನಿಜ ಗೊತ್ತಾಗುತ್ತದೆ. ಬೋರ್ಡೋಗೆ ತಂದ ಸುಣ್ಣವನ್ನು ಗಟ್ಟಿಯಾಗಿ ಕಲಸಿ ಮುಂದಿನ ಎರಡೂ ಟಯರಿನ ಭುಜಕ್ಕೆ, ಅಂದರೆ ಮೈ ಮತ್ತು ಬದಿಗೋಡೆ ಸೇರುವ ಅಂಚಿಗೆ, ಬಳಿದೆ. ಮುಂದಿನ ಎಡ ಚಕ್ರವನ್ನು ಅಂಗಳದ ಕೆಳಗಿನ ಬರೆಗೆ ಹತ್ತಿಸಿ, ಹಿಂದಿನ ಬಲ ಚಕ್ರವನ್ನು ಮಣ್ಣಿನ ರಾಶಿಗೆ ಹತ್ತಿಸಿ, ಗಾಡಿ ಕರ್ಣಕ್ಕೆ ತಿರುಚಿಕೊಂಡು ನಿಂತ ಮೇಲೆ ಸ್ಟಿಯರಿಂಗ್ ಆ ಕಡೆ ಈ ಕಡೆ ಪೂರ್ತಿ ಎಳೆದೆ. ಇಳಿದು ಟಾರ್ಚ್ ಹಾಕಿ ನೋಡಿದರೆ ತಾಗಿದಲ್ಲೆಲ್ಲ ಬಿಳಿ ಗೆರೆ. ಬಲಕ್ಕೆ ತಿರುಗಿಸಿದಾಗ ಎಡ ಚಕ್ರದ ಹಿಂಭಾಗ ಹೊರಗೆ ಬಂದು ಲೈನರಿನ, ಅಂದರೆ ಚಕ್ರದ ಮೇಲಿನ ಪ್ಲಾಸ್ಟಿಕ್ ಹೊದಿಕೆಯ, ಕೆಳಮೂಲೆಗೂ ಮಡ್ ಫ್ಲಾಪಿಗೂ ಉಜ್ಜುತ್ತಿತ್ತು. ಬಲ ಚಕ್ರದ ಮುಂಭಾಗ ಬಂಪರಿನ ಅಂಚಿಗೆ ಸ್ವಲ್ಪ ತಾಗುತ್ತಿತ್ತು. ರಿವರ್ಸಿನಲ್ಲಿ ಗೆರೆ ಇನ್ನೂ ದಪ್ಪ ಬಂತು. ಚಾಸಿಗೆ ಎಲ್ಲೂ ತಾಗಿರಲಿಲ್ಲ, ಅದು ದೊಡ್ಡ ಸಮಾಧಾನ. ಚಾಸಿಗೆ ತಾಗಿದರೆ ಆ ಸೈಜು ಬಿಡುವುದೇ ಸರಿ.

ಲೈನರಿನ ಕ್ಲಿಪ್ಪು ಬಿಚ್ಚಿ, ಹೀಟ್ ಗನ್ನಿನಿಂದ ಮೆಲ್ಲ ಬಿಸಿಮಾಡಿ, ಒದ್ದೆ ಬಟ್ಟೆ ಸುತ್ತಿದ ಮರದ ತುಂಡಿನಿಂದ ಒಳಗೆ ಒತ್ತಿ ಹಿಡಿದೆ. ತಣಿಯುವ ತನಕ ಕೈ ತೆಗೆಯಬಾರದು, ತೆಗೆದರೆ ಪ್ಲಾಸ್ಟಿಕ್ ಮತ್ತೆ ಹಳೆ ಜಾಗಕ್ಕೆ ಬರುತ್ತದೆ. ಗನ್ನನ್ನು ಒಂದೇ ಕಡೆ ಹಿಡಿದರೆ ತೂತು. ಮಡ್ ಫ್ಲಾಪನ್ನು ಒಳಬದಿಯಿಂದ ಎರಡು ಬೆರಳಷ್ಟು ಕತ್ತರಿಸಿದೆ. ಮತ್ತೆ ಸುಣ್ಣ, ಮತ್ತೆ ಬರೆ, ಮತ್ತೆ ಟಾರ್ಚು. ಗೆರೆ ಇಲ್ಲ.

ರಿಮ್ ಕಂಪನಿಯದ್ದೇ ಇಟ್ಟುಕೊಂಡೆ. ಹೊರಗೆ ಚಾಚುವ ರಿಮ್ ಹಾಕಿದರೆ ಬೇರಿಂಗಿಗೂ ಕಷ್ಟ, ಕೆಸರು ಪೂರ್ತಿ ಬಾಗಿಲಿಗೆ. ಇನ್ನೊಂದು ಕಾರಣ ಕಾನೂನು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರು ಕೊಟ್ಟ ವಿವರಕ್ಕೆ ಹೊಂದದ ಹಾಗೆ ಗಾಡಿ ಮಾರ್ಪಾಡು ಮಾಡುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನು ಗಟ್ಟಿಯಾಗಿ ಹೇಳಿದ್ದು ನಮ್ಮ ಕೇರಳದಿಂದ ಹೋದ ಕೇಸಿನಲ್ಲೇ. ಅದಕ್ಕೇ ಹಳೆಯ ಟಯರನ್ನು ಮಾರಲಿಲ್ಲ. ಬೇರೆ ಒಂದು ಸೆಟ್ ಕಂಪನಿ ರಿಮ್ ಹಳೆಯದಾಗಿ ಸಿಕ್ಕಿತು, ಹೊಸ ಟಯರ್ ಅದರಲ್ಲಿ. ತೋಟಕ್ಕೆ ದೊಡ್ಡದು, ಪೇಟೆಗೆ ಹಳೆಯದು. ಚಕ್ರ ಬದಲಿಸುವುದು ರಗಳೆ ಹೌದು, ಆದರೆ ಆಷಾಢದಲ್ಲಿ ನಾವು ಪೇಟೆಗೆ ಹೋಗುವುದೇ ಕಡಿಮೆ. ಬದಲಿಸಿದಾಗಲೆಲ್ಲ ಸ್ವಲ್ಪ ಓಡಿಸಿ ನಟ್ಟು ಮತ್ತೆ ಬಿಗಿ ಮಾಡಬೇಕು, ಮರೆಯಬೇಡಿ.

ಸ್ಟೆಪ್ನಿ ಕೆಳಗಿನ ಜಾಗದಲ್ಲಿ ಕೂರಲಿಲ್ಲ. ಚೈನು ಎಳೆದರೆ ಮೇಲೆ ಬರುತ್ತದೆ, ಬ್ರಾಕೆಟ್ಟಿಗೆ ತಾಗಿ ಓರೆಯಾಗಿ ನಿಲ್ಲುತ್ತದೆ. ಅದು ಈಗ ಹಿಂದಿನ ತೊಟ್ಟಿಯಲ್ಲಿ ಹಗ್ಗ ಕಟ್ಟಿ ಕೂತಿದೆ. ಒಂದು ಡ್ರಮ್ಮಿನ ಜಾಗ ಹೋಯಿತು.

ಈಗ ಏರಿನ ವಿಷಯ. ಹೋಲಿಸಿ ನೋಡಲಿಕ್ಕೆ ಭಾವನ ಗಾಡಿಯ ಚಕ್ರಗಳನ್ನೂ ತಂದೆ. ಅವನದ್ದೂ ವಿ-ಕ್ರಾಸ್, ಹಾಕಿದ್ದು 265/70 ಆರ್ 16, ಆಲ್ ಟೆರೇನ್, ಅಂದರೆ ರಸ್ತೆಗೂ ಕಾಡುದಾರಿಗೂ ಆಗುವ ಟಯರ್. ಎತ್ತರ 777. ಅಲ್ಲಿಗೆ ಮೂರು ಜೊತೆ ಆಯಿತು: ನನ್ನ ಹಳೆಯದು, ನನ್ನ ಮಡ್ ಟಯರು, ಭಾವನ ಆಲ್ ಟೆರೇನ್. ಏರಿನ ಬದಿಗೆ ಅಡಿಕೆ ಸಲಕೆಯ ಗೂಟ ಸಾಲಾಗಿ ಹುಗಿದು ಅಂಕಿ ಬರೆದೆ. ಹಿಂದೆ ಎರಡು ಡ್ರಮ್ಮು ನೀರು, ಅಂದರೆ 400 ಕಿಲೋ ಭಾರ. ಫೋರ್ ಲೋ, ಅಂದರೆ ನಾಲ್ಕೂ ಚಕ್ರಕ್ಕೆ ನಿಧಾನದ, ಬಲದ ಗೇರು; ಅದರಲ್ಲಿ ಮೊದಲನೇ ಗೇರು, ಆಕ್ಸಿಲರೇಟರ್ ಸ್ವಲ್ಪವೇ. ಓಡಿ ಬಂದು ಹತ್ತುವುದು ಇಲ್ಲ, ಬುಡದಲ್ಲಿ ನಿಂತು ಹೊರಡಬೇಕು. ಓಟದ ಬಲದಲ್ಲಿ ಹತ್ತಿದರೆ ಅದು ಟಯರಿನ ಪರೀಕ್ಷೆ ಅಲ್ಲ, ಧೈರ್ಯದ ಪರೀಕ್ಷೆ.

ಹಳೆಯ ಟಯರು, 32 ಪಿಎಸ್‌ಐ ಗಾಳಿ. ಮಣ್ಣಿನ ಭಾಗದ ಮಧ್ಯದಲ್ಲೇ ಗೀರುಗಳೆಲ್ಲ ಕೆಂಪು ಮಣ್ಣು ತುಂಬಿ ನುಣ್ಣಗಾದವು. ಚಕ್ರ ಸುಮ್ನೆ ತಿರುಗಿತು. ಇದು ಗೊತ್ತಿದ್ದದ್ದೇ.

ಮಡ್ ಟಯರು, ಅದೇ 32. ಮಣ್ಣಿನ ಭಾಗವನ್ನು ಲೆಕ್ಕಕ್ಕೇ ಇಡಲಿಲ್ಲ. ದೊಡ್ಡ ದೊಡ್ಡ ರಬ್ಬರ್ ಗಟ್ಟೆಗಳ ನಡುವೆ ಅಗಲ ಸಂದು, 15 ಮಿಲಿಮೀಟರ್ ಆಳ. ಮಣ್ಣು ತುಂಬಿದರೂ ಚಕ್ರ ಒಂದು ಸುತ್ತು ಜೋರಾಗಿ ತಿರುಗಿದ ಕೂಡಲೇ ಎಗರಿ ಹೋಗುತ್ತದೆ. ಹಾಗೇ ಮೇಲೆ ಬಂದು ಕೆಂಪುಕಲ್ಲಿಗೆ ಮುಂದಿನ ಚಕ್ರ ಇಟ್ಟಿತು. ಹಿಂದಿನದ್ದೂ ಬಂತು. ಪಾಚಿ ಇರುವ ಜಾಗಕ್ಕೆ ಮುಟ್ಟಿದ್ದೇ ತಡ, ನಾಲ್ಕೂ ಚಕ್ರ ಒಟ್ಟಿಗೆ ತಿರುಗಿ ಗಾಡಿ ಮೆಲ್ಲ ಬದಿಗೆ ಸರಿಯಿತು.

ಮೇಲೆ ಕೊಡೆ ಹಿಡಿದು ನಿಂತಿದ್ದ ಭಾವ ಕೂಗಿದ. "ಎಂತ ಭಾವ, ಇಷ್ಟು ದೊಡ್ಡ ಟಯರ್ ಹಾಕಿ ಅಲ್ಲೇ ನಿಂತಿತಾ?"

"ನಿಲ್ಲಲಿಲ್ಲ ಮಾರಾಯ, ಹಿಂದೆ ಬರ್ತಾ ಉಂಟು!"

ಬ್ರೇಕ್ ಒತ್ತಿ ಹಿಡಿಯದೆ, ರಿವರ್ಸ್ ಗೇರಿಗೆ ಹಾಕಿ ಎಂಜಿನ್ನಿನ ಹಿಡಿತದಲ್ಲೇ ಇಳಿಸಿದೆ. ಇಂಥ ಜಾಗದಲ್ಲಿ ಇಳಿಯುವಾಗ ಕ್ಲಚ್ ಒತ್ತಿದರೆ ಗಾಡಿ ನಿಮ್ಮದಲ್ಲ.

ಭಾವನ ಆಲ್ ಟೆರೇನ್, ಅದೇ 32ರಲ್ಲಿ, ಮಣ್ಣಿನಲ್ಲಿ ಒದ್ದಾಡಿತು, ಆದರೆ ಕಲ್ಲಿಗೆ ಬಂದ ಮೇಲೆ ಮಡ್ ಟಯರ್ ನಿಂತ ಗೂಟವನ್ನು ದಾಟಿ ಹೋಯಿತು. ಪೂರ್ತಿ ಹತ್ತಲಿಲ್ಲ. ಆದರೂ ದಾಟಿತಲ್ಲ! ಭಾವನಿಗೆ ಆ ಸಂಜೆ ಇಡೀ ಅದೇ ಮಾತು.

ಯಾಕೆ ಹೀಗೆ ಎಂದು ಯೋಚಿಸಿದರೆ ಉತ್ತರ ಕಲ್ಲಿನಲ್ಲೇ ಉಂಟು. ಕೆಸರು ಆಳ ಇದ್ದಲ್ಲಿ ಟಯರಿನ ಗಟ್ಟೆ ಒಳಗೆ ಇಳಿದು ಅಗೆದು ಮುಂದೆ ಹೋಗುತ್ತದೆ. ನಮ್ಮ ಕೆಂಪುಕಲ್ಲು ಅಗೆಯಲಿಕ್ಕೆ ಬಿಡುವುದಿಲ್ಲ. ಮೇಲೆ ತೆಳ್ಳಗೆ ಪಾಚಿಯ ಪದರ, ಕೆಳಗೆ ಗಟ್ಟಿ. ಅಲ್ಲಿ ಬೇಕಾದದ್ದು ನೆಲಕ್ಕೆ ತಾಗುವ ರಬ್ಬರು ಜಾಸ್ತಿ, ಮತ್ತು ಆ ನೀರು, ಲೋಳೆ ಕತ್ತರಿಸುವ ಸಣ್ಣ ಸಣ್ಣ ಅಂಚುಗಳು. ಆಲ್ ಟೆರೇನಿನ ಪ್ರತಿ ಗಟ್ಟೆಯಲ್ಲಿ ಬ್ಲೇಡಿನಲ್ಲಿ ಗೀರಿದ ಹಾಗೆ ಸೀಳುಗಳಿವೆ. ಮಡ್ ಟಯರಿನಲ್ಲಿ ಅರ್ಧಕ್ಕರ್ಧ ಸಂದು, ಉಳಿದದ್ದು ಗಡುಸು ಗಟ್ಟೆ, ಸೀಳು ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಪಾಚಿ ಕಟ್ಟಿದ ಬಾವಿಕಟ್ಟೆಯಲ್ಲಿ ಗಂಬೂಟು ಹಾಕಿ ನಡೆದ ಹಾಗೆ, ಬರಿಗಾಲೇ ವಾಸಿ.

ಮುಂದಿನ ಕೆಲಸ ಗಾಳಿ ಇಳಿಸುವುದು. ಅದಕ್ಕೂ ಮೊದಲು ಅಡಿಕೆ ಅಂಗಳದಲ್ಲಿ ಟಯರಿನ ಹೆಜ್ಜೆ ಅಳೆದೆ. ಸಿಮೆಂಟಿನ ಮೇಲೆ ರಟ್ಟು ಹಾಸಿ, ಟಯರಿಗೆ ಕೆಮ್ಮಣ್ಣು ಕಲಸಿ ಬಳಿದು, ಜಾಕ್ಕಿಯಲ್ಲಿ ಎತ್ತಿ ರಟ್ಟಿನ ಮೇಲೆ ಇಳಿಸುವುದು. 32ರಲ್ಲಿ ಮುಂದಿನ ಚಕ್ರದ ಹೆಜ್ಜೆ ಉದ್ದ 18 ಸೆಂಟಿಮೀಟರ್. 18 ಪಿಎಸ್‌ಐಗೆ ಇಳಿಸಿದಾಗ 24. ಅಗಲ ಮಾತ್ರ ಬೆರಳಷ್ಟೂ ಹೆಚ್ಚಲಿಲ್ಲ. ಗಾಳಿ ಇಳಿಸಿದರೆ ಟಯರ್ ಅಗಲ ಆಗುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ರಟ್ಟಿನಲ್ಲಿ ಕಂಡದ್ದು ಉದ್ದ ಆಗುವುದು. ಒಂದರ ಹಿಂದೆ ಇನ್ನೊಂದು ಸಾಲು ಗಟ್ಟೆ ಜಾಸ್ತಿ ನೆಲ ಹಿಡಿಯುತ್ತದೆ, ಕಲ್ಲಿನ ಉಬ್ಬುತಗ್ಗಿಗೆ ಟಯರ್ ತಾನೇ ಬಗ್ಗಿ ಕೂರುತ್ತದೆ.

18ರಲ್ಲಿ ಮಡ್ ಟಯರ್ ಮೊದಲು ನಿಂತ ಗೂಟವನ್ನು ದಾಟಿ, ಪಾಚಿಯ ಅರ್ಧ ಮುಗಿಸಿತು. ಭಾವನದ್ದು 18ರಲ್ಲಿ ಪೂರ್ತಿ ಹತ್ತಿ ರಸ್ತೆಗೆ ಮುಟ್ಟಿತು. ನನ್ನ ಹಳೆಯ ಟಯರು ಕೂಡ 18ರಲ್ಲಿ, ಮಡ್ ಟಯರ್ 32ರಲ್ಲಿ ನಿಂತ ಜಾಗದ ಹತ್ತಿರ ಬಂತು! ಇದನ್ನು ನೋಡಿದ ಮೇಲೆ ನನ್ನ ಅಭಿಪ್ರಾಯ ಸ್ಪಷ್ಟ. ನಮ್ಮ ಊರಿನ ಏರಿಗೆ ಹಣ ಹಾಕುವವರು ಮೊದಲು ಒಂದು ಒಳ್ಳೆಯ ಗಾಳಿ ಗೇಜು ಮತ್ತು ಬ್ಯಾಟರಿಗೆ ಕಚ್ಚಿಸುವ 12 ವೋಲ್ಟಿನ ಕಂಪ್ರೆಸರ್ ತೆಗೆದುಕೊಳ್ಳಿ. ಟಯರಿನ ಮಾತು ಆಮೇಲೆ.

15ರ ಕೆಳಗೆ ನಾನು ಹೋಗಲಿಲ್ಲ. ಮಾಮೂಲಿ ರಿಮ್ಮಿನಲ್ಲಿ ಟಯರಿನ ಅಂಚನ್ನು ಹಿಡಿದಿಡುವುದು ಗಾಳಿಯೇ. ತಿರುವಿನಲ್ಲಿ ಅಂಚು ಕಳಚಿದರೆ ಆ ಮಳೆಯಲ್ಲಿ ಜಾಕ್ಕಿ ಇಡಲಿಕ್ಕೂ ಜಾಗ ಇರುವುದಿಲ್ಲ. ಇನ್ನೊಂದು, ಗಾಳಿ ಇಳಿದ ಟಯರಿನ ಬದಿ ಹೊರಗೆ ಉಬ್ಬುತ್ತದೆ, ಕೆಂಪುಕಲ್ಲಿನ ಹರಿತ ಮೂಲೆ ಅಲ್ಲೇ ಗೀರುತ್ತದೆ. ಮಡ್ ಟಯರಿನ ದಪ್ಪ ಬದಿಗೋಡೆಯ ನಿಜವಾದ ಉಪಯೋಗ ಇಲ್ಲಿ. ಕಲ್ಲುಕೋರೆಗೆ ಹೋಗಿ ಬರುವವರಿಗೆ ಅದೊಂದೇ ಕಾರಣ ಸಾಕು.

ಮಡ್ ಟಯರಿನ ಮಾನ ಉಳಿದದ್ದು ಹಡಿಲು ಗದ್ದೆಯಲ್ಲಿ. ಬೈಲಿನಲ್ಲಿ ಕಾಲಿಟ್ಟರೆ ಮೊಣಕಾಲಿನ ತನಕ ಹೂಳುವ ಕೆಸರು. ಭಾವನ ಗಾಡಿ ಎರಡು ಗಾಡಿಯಷ್ಟು ಉದ್ದ ಹೋಗಿ ಹೊಟ್ಟೆ ಊರಿತು. ನನ್ನದು ಮೂರನೇ ಗೇರಿನಲ್ಲಿ ಕೆಸರು ಚಿಮ್ಮಿಸುತ್ತಾ ಆ ಬದಿಯ ಕಟ್ಟಪುಣಿಗೆ ಮುಟ್ಟಿ, ತಿರುಗಿ ಬಂದು ಅವನಿಗೇ ಹಗ್ಗ ಹಾಕಿತು. ಇಲ್ಲಿ ಮೆಲ್ಲ ಹೋಗುವುದು ಉಪಯೋಗ ಇಲ್ಲ, ಚಕ್ರ ವೇಗವಾಗಿ ತಿರುಗಿದರೆ ಮಾತ್ರ ಸಂದು ಖಾಲಿ ಆಗುತ್ತದೆ. ಆ ಸಂಜೆ ನನ್ನ ಮಾತು ಜಾಸ್ತಿ ಆಯಿತು ಎಂದು ತಂಗಿಯ ದೂರು.

ಹಾಗಾದರೆ ಎರಡರ ಗುಣವೂ ಒಂದರಲ್ಲಿ ಬರುವ ಹಾಗೆ ಮಾಡಬಹುದಾ? ಗಟ್ಟೆಗೆ ನಾವೇ ಸೀಳು ಹಾಕುವುದು ಒಂದು ದಾರಿ. ರೀಸೋಲ್ ಅಂಗಡಿಯಲ್ಲಿ ಟಯರ್ ಗೀರುವ ಬಿಸಿ ಬ್ಲೇಡಿನ ಉಪಕರಣ ಇರುತ್ತದೆ. ಅದನ್ನು ಬಾಡಿಗೆಗೆ ತಂದೆ. ಮಧ್ಯದ ಗಟ್ಟೆಗಳಿಗೆ ಮಾತ್ರ, ಗಾಡಿ ಹೋಗುವ ದಿಕ್ಕಿಗೆ ಅಡ್ಡಲಾಗಿ, ಒಂದೊಂದಕ್ಕೆ ಎರಡು ಸೀಳು. ಆಳ 6 ಮಿಲಿಮೀಟರ್. ಬ್ಲೇಡನ್ನು ಅಷ್ಟೇ ಹೊರಗೆ ಇಟ್ಟು ಸ್ಕ್ರೂ ಬಿಗಿಮಾಡಿದರೆ ಕೈ ತಪ್ಪಿದರೂ ಆಳ ಹೋಗುವುದಿಲ್ಲ. ಭುಜದ ಗಟ್ಟೆ ಮುಟ್ಟಲಿಲ್ಲ, ಕಲ್ಲಿಗೆ ಹೆಚ್ಚು ತಿಕ್ಕುವುದು ಅದೇ, ಸೀಳಿದರೆ ತುಂಡಾಗಿ ಹಾರುತ್ತದೆ. ಬ್ಲೇಡು ತಳ್ಳಬಾರದು, ಬಿಸಿ ಮುಟ್ಟಿದ ಹಾಗೆ ತಾನೇ ಇಳಿಯಲು ಬಿಡಬೇಕು. ಹೊಗೆ ಕೆಟ್ಟದು, ಚಾವಡಿಯಲ್ಲಿ ಮಾಡಬೇಡಿ. ಟಯರಿನ ವಾರಂಟಿ ಅಲ್ಲಿಗೆ ಮುಗಿಯುತ್ತದೆ, ಅದನ್ನು ಒಪ್ಪಿಕೊಂಡೇ ಕೈ ಹಾಕಬೇಕು. ಒಂದು ಟಯರಿಗೆ ಬೆನ್ನು ನೋವು ಬರುವಷ್ಟು ಕೆಲಸ.

ಸೀಳು ಹಾಕಿದ ಮಡ್ ಟಯರು, 18 ಪಿಎಸ್‌ಐ, ಎರಡು ಡ್ರಮ್ಮು. ಮಣ್ಣು ದಾಟಿತು, ಕಲ್ಲಿಗೆ ಬಂತು, ಪಾಚಿಯಲ್ಲಿ ಹಿಂದಿನ ಚಕ್ರ ಒಮ್ಮೆ ಜಾರಿ ಹಿಡಿಯಿತು, ಮತ್ತೆ ಜಾರಿತು, ಹಿಡಿಯಿತು. ಹಾಗೇ ಮೇಲೆ ಬಂತು. ಭಾವನದ್ದರಷ್ಟು ಸಲೀಸಾಗಿ ಅಲ್ಲ. ಆದರೆ ಡ್ರಮ್ಮು ಮೇಲೆ ಬಂತು.

ಡಾಂಬರಿನ ಮೇಲೆ ಹೇಗೆ ಎಂದು ತಿಳಿಯಲಿಕ್ಕೆ ತಲಪಾಡಿ–ಚೆಂಗಳ ನಡುವಿನ ಹೊಸ ಆರು ಪಥದ ಹೆದ್ದಾರಿಗೂ ಒಯ್ದಿದ್ದೆ. ಹಳೆಯ ಟಯರಿನಲ್ಲಿ ಮೀಟರ್ 60 ತೋರಿಸುವಾಗ ಜಿಪಿಎಸ್‌ನಲ್ಲಿ 57 ಇರುತ್ತಿತ್ತು. ಮೀಟರುಗಳು ಸಾಮಾನ್ಯವಾಗಿ ಸ್ವಲ್ಪ ಹೆಚ್ಚೇ ತೋರಿಸುತ್ತವೆ. ಈಗ ಮೀಟರ್ 60 ಇರುವಾಗ ನಿಜವಾದ ವೇಗ 61. ಕ್ಯಾಮರಾ ಇರುವಲ್ಲಿ ಇದು ನೆನಪಿರಲಿ. ಮೈಲೇಜು ಲೆಕ್ಕ ಹಾಕುವಾಗಲೂ ಅಷ್ಟೇ: ಮೀಟರಿನಲ್ಲಿ 100 ಓಡಿದರೆ ಹಳೆಯ ಲೆಕ್ಕದಲ್ಲಿ 107 ಓಡಿರುತ್ತದೆ. ಇದನ್ನು ಸೇರಿಸದೆ ಡೀಸೆಲ್ ಕುಡಿಯುತ್ತದೆ ಎಂದು ಬೈಯುವವರು ತುಂಬಾ. ಸೇರಿಸಿದ ಮೇಲೂ ಕುಡಿಯುತ್ತದೆ, ಅದು ಬೇರೆ ಮಾತು. 50 ದಾಟಿದ ಮೇಲೆ ಗುಂಯ್ ಎಂಬ ಸದ್ದು ಶುರು, ರೇಡಿಯೋ ಕೇಳುವುದಿಲ್ಲ. ಒದ್ದೆ ರಸ್ತೆಯಲ್ಲಿ ಬ್ರೇಕಿಗೆ ಹಳೆಯದಕ್ಕಿಂತ ಹೆಚ್ಚು ದೂರ ಬೇಕು, ಕಾಲಿಗೇ ಗೊತ್ತಾಗುತ್ತದೆ. ಗಾಳಿ ಎಷ್ಟು ಹಾಕಬೇಕು ಎಂದು ತಿಳಿಯಲು ಟಯರಿಗೆ ಅಡ್ಡ ಚಾಕಿನ ಗೆರೆ ಎಳೆದು ಸ್ವಲ್ಪ ಓಡಿಸಿದೆ. ಮಧ್ಯದಲ್ಲಿ ಮಾತ್ರ ಅಳಿಸಿದರೆ ಗಾಳಿ ಜಾಸ್ತಿ, ಅಂಚಿನಲ್ಲಿ ಅಳಿಸಿದರೆ ಕಡಿಮೆ. ನನ್ನ ಗಾಡಿಗೆ ಖಾಲಿ ಇರುವಾಗ 34 ಸರಿ ಬಂತು.

ಸದ್ಯ ಮಡ್ ಟಯರು 18ರಲ್ಲೇ ತೋಟದಲ್ಲಿ ಓಡುತ್ತಿದೆ. ಎರಡನೇ ಸಲದ ಬೋರ್ಡೋ ಮುಗಿದ ಮೇಲೆ ಸೀಳಿದ ಗಟ್ಟೆಗಳನ್ನು ನೋಡಿದೆ. ಹಿಂದಿನ ಎಡ ಟಯರಿನಲ್ಲಿ ಎರಡು ಗಟ್ಟೆಯ ಮೂಲೆ ಹಾರಿದೆ, ಉಳಿದದ್ದು ಗಟ್ಟಿ ಇದೆ. ಭಾವ ಅವನ ಚಕ್ರ ವಾಪಸು ಕೇಳಿದ್ದಾನೆ, ಜೊತೆಗೆ ಕಂಪ್ರೆಸರನ್ನೂ.